ಐತಾರ ಮುಗಿದ ಮ್ಯಾಲ ದಣಿವೊಂದೇ ಉಳೀತದ: ಆರಾಧನಿಯೊಳಗ ವಿಶ್ರಾಂತಿ ನಿಮಗ ಹ್ಯಾಂಗ ಸಿಕ್ಕದ?

ಬೀದರ್ ಟೀಚರ್

ಎಲ್ಲರಿಗೂ ವಂದನಾ. ಈ ಗುಂಪಿನ್ಯಾಗ ಮೂರು ವರ್ಷದಿಂದ ಓದ್ಲತ್ತೀನಿ, ಬರೆಯೋದು ಇದೇ ಮೊದಲು. ತಪ್ಪಿದ್ರ ತಿದ್ದರಿ.

ನಾ ಬೀದರ್ ಜಿಲ್ಲಾದಾಗ ಸಾಲಿ ಟೀಚರ್. ಸೋಮವಾರದಿಂದ ಶನಿವಾರ ತನಕ ಸಾಲಿ. ಐತಾರ ಮುಂಜಾನಿ ಐದಕ್ಕ ಎದ್ದು ರೊಟ್ಟಿ ಬಡಿದು, ಮಕ್ಕಳನ್ನ ತಯಾರ ಮಾಡಿ, ಎಂಟಕ್ಕ ಸಂಡೇ ಸ್ಕೂಲು. ಹತ್ತಕ್ಕ ಆರಾಧನಿ. ಹಾರ್ಮೋನಿಯಂ ನಂದೇ, ಹಾಡು ಆರಿಸೋದೂ ನಂದೇ. ಮುಗಿದ ಕೂಡ್ಲೇ ಚಾ ಮಾಡೋದು, ಅದಾದ ಮ್ಯಾಲ ಮಹಿಳಾ ಕೂಟ, ಸಂಜಿಗೆ ಯಾರದರೆ ಮನಿಯಾಗ ಪ್ರಾರ್ಥನಾ. ಹದಿನಾಲ್ಕು ವರ್ಷ ಆಯ್ತು ಹಿಂಗೇ. ಹಾಡು ನಡದಾಗ ನನ್ನ ತಲಿಯಾಗ ಇರೋದು ಮುಂದಿನ ಹಾಡಿನ ನಂಬರ್, ಮೈಕ್ ಕುಂಯ್ ಅನ್ನೋದು, ಡೋಲಕ್ ಬಾರಿಸೋ ಹುಡುಗ ಬಂದಾನೋ ಇಲ್ಲೋ ಅನ್ನೋದು. ಇದರಾಗ ದೇವರು ಎಲ್ಲಿದ್ದಾನ ಅಂತ ಕೇಳಿದ್ರ ನನಗ ಹೇಳ್ಲಿಕ್ಕ ಬರಲ್ಲ.

ಹೋದ ವರ್ಷ ಮಳಿಗಾಲದಾಗ ನಮ್ಮವ್ವ ತೀರಿಕೊಂಡ್ಳು. ನನಗ ಹಾಡು ಕಲಿಸಿದಾಕಿ ಅವಳೇ. ಅಕ್ಷರ ಬರ್ತಿದ್ದಿಲ್ಲ, ಆದರ ಹಾಡಿನ ಪುಸ್ತಕದ ಅರ್ಧ ಬಾಯಿಪಾಠ. ತೊಗರಿಬ್ಯಾಳಿ ಹಸನ ಮಾಡ್ಕೋತ ಹಾಡ್ತಿದ್ಳು. ಚರ್ಚಿಗೆ ಎಲ್ಲರಕಿಂತ ಮೊದಲು ಬಂದು ಎಡಗಡಿ ಕಿಟಕಿ ಬಾಜು ಚಾಪಿ ಮ್ಯಾಲ ಕೂಡ್ತಿದ್ಳು. ಪಾಸ್ಟರ್ ಪ್ರಸಂಗ (ಉಪದೇಶ) ಶುರುವಾಗಿ ಹತ್ತು ನಿಮಿಷಕ್ಕ ಆಕಿಗೆ ನಿದ್ದಿ. ನಾ ಹಾರ್ಮೋನಿಯಂ ಹಿಂದ ಕುಂತು ನಾಚಿಕೊಳ್ತಿದ್ದೆ. ಮನಿಗೆ ಬಂದು ಬೈದೀನಿ ಸುದ್ದಾ. "ವಾರ ಪೂರಾ ಬಿಸಲಾಗ ಇರ್ತೀನಿ, ನನ್ನಪ್ಪನ ಮನಿಯಾಗ ಅಷ್ಟೇ ಕಣ್ಣು ತಾವೇ ಮುಚ್ಚತಾವ" ಅಂತಿದ್ಳು. ಈಗ ಆ ಕಿಟಕಿ ನೋಡಿದ್ರ ಗಂಟಲು ಕಟ್ತದ. ಅವ್ವಗ ಅಲ್ಲಿ ಏನೋ ಸಿಕ್ಕಿತ್ತು. ನನಗ ಸಿಗವಲ್ದು.

ನಾ ನಂಬಿಕಿ ಬಿಟ್ಟಿಲ್ಲ, ಅದನ್ನ ಮೊದಲೇ ಹೇಳ್ತೀನಿ. ಆರಾಧನಿಯೊಳಗ ಸಂತೋಷ, ವಿಶ್ರಾಂತಿ ಅಂತಾರಲ್ಲ, ಅದು ನಿಮಗ ಖರೇನೇ ಸಿಗ್ತದೇನು? ಹ್ಯಾಂಗ?

ನಿವೃತ್ತ ಪಾಸ್ಟರ್, ಕಲಬುರಗಿ

ತಂಗಿ, ನಿಮ್ಮ ತಾಯಿಯವರ ಮಾತನ್ನು ಎರಡು ಸಲ ಓದಿದೆ. ನಾನು 31 ವರ್ಷ ಸೇವೆಯಲ್ಲಿದ್ದವನು. ನನ್ನ ಪ್ರಸಂಗದ ನಡುವೆ ನಿದ್ದೆ ಹೋದವರನ್ನು ಕಂಡು ಬೇಸರ ಪಟ್ಟಿದ್ದೇನೆ. ಇವತ್ತು ಆ ಬೇಸರಕ್ಕೆ ನನಗೇ ದುಃಖವಾಗುತ್ತಿದೆ. ಬೈಬಲಿನ ಪ್ರವಾದಿ ಎಲೀಯನು ಸಾಯುವುದೇ ಲೇಸೆಂದು ಗಿಡದ ಕೆಳಗೆ ಮಲಗಿದಾಗ ದೇವದೂತನು ಅವನಿಗೆ ಬುದ್ಧಿ ಹೇಳಲಿಲ್ಲ. ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಲು ಬಿಟ್ಟ. ಎರಡನೇ ಸಲ ಎಬ್ಬಿಸಿದಾಗಲೂ ಮೊದಲು ಊಟವನ್ನೇ ತೋರಿಸಿದ.

ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ, ಆಜ್ಞೆ ಬೈಬಲಿನಲ್ಲಿ ಎರಡು ಕಡೆ ಇದೆ, ಎರಡು ಕಡೆಯೂ ಕಾರಣ ಬೇರೆ. ವಿಮೋಚನಕಾಂಡ 20ರಲ್ಲಿ ದೇವರೇ ಏಳನೇ ದಿನ ವಿಶ್ರಮಿಸಿದ ಎಂಬುದು ಕಾರಣ. ಧರ್ಮೋಪದೇಶಕಾಂಡ 5ರಲ್ಲಿ, ನೀನು ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ದಾಸನಾಗಿದ್ದೆ, ಅದನ್ನು ನೆನಪಿಟ್ಟುಕೋ ಎಂಬುದು ಕಾರಣ. ಅದಕ್ಕೇ ಅಲ್ಲಿ ಯಜಮಾನ ಒಬ್ಬನೇ ಕೂತು ವಿಶ್ರಮಿಸುವಂತಿಲ್ಲ. ಆಳು, ಹೆಣ್ಣಾಳು, ಎತ್ತು, ಕತ್ತೆ, ಊರಿಗೆ ಬಂದ ಪರದೇಶಿ ಎಲ್ಲರನ್ನೂ ಹೆಸರಿಸಿ ಬಿಡುವು ಕೊಟ್ಟಿದೆ. ವಿಮೋಚನಕಾಂಡ 34ರಲ್ಲಿ ಇನ್ನೊಂದು ಮಾತು ಸೇರುತ್ತದೆ: ಉಳುವ ಕಾಲದಲ್ಲಿಯೂ ಕೊಯ್ಲಿನ ಕಾಲದಲ್ಲಿಯೂ ಆ ದಿನ ನಿಲ್ಲಿಸಬೇಕು. ತೊಗರಿ ರಾಶಿಯ ವೇಳೆಗೆ ಒಂದು ದಿನ ಕೆಲಸ ನಿಲ್ಲಿಸುವುದೆಂದರೆ ಏನೆಂದು ನಮ್ಮ ಕಡೆಯ ಒಕ್ಕಲಿಗರಿಗೆ ಗೊತ್ತು.

ಅದಕ್ಕಿಂತ ಹಿಂದೆ, ವಿಮೋಚನಕಾಂಡದ 5ನೇ ಅಧ್ಯಾಯ ನೋಡಿ. ಆರಾಧನೆಗೆ ಹೋಗಲು ಬಿಡುವು ಕೊಡು ಎಂದು ಕೇಳಿದ ಜನರನ್ನು ಐಗುಪ್ತದ ಅರಸ ಫರೋಹನು ಸೋಮಾರಿಗಳೆಂದ. ಇಟ್ಟಿಗೆ ಮಾಡಲು ಬೇಕಾದ ಹುಲ್ಲು ಕೊಡುವುದನ್ನು ನಿಲ್ಲಿಸಿದ, ಇಟ್ಟಿಗೆಯ ಲೆಕ್ಕ ಮಾತ್ರ ಒಂದೂ ಕಡಿಮೆ ಮಾಡಲಿಲ್ಲ. ತಂಗಿ, ನೀವು ಬರೆದ ಐತಾರವನ್ನು ಓದುವಾಗ ನನಗೆ ಆ ಇಟ್ಟಿಗೆಯ ಲೆಕ್ಕ ನೆನಪಾಯಿತು. ಆರಾಧನೆಗೆಂದು ಐಗುಪ್ತ ಬಿಟ್ಟು ಬಂದ ಜನರು ಆರಾಧನೆಯೊಳಗೇ ಇಟ್ಟಿಗೆ ಎಣಿಸುತ್ತಾ ಕೂರಬಾರದು.

ಮಾರ್ಕನ 6ನೇ ಅಧ್ಯಾಯದಲ್ಲಿ ಊಟಕ್ಕೂ ಸಮಯವಿಲ್ಲದ ಶಿಷ್ಯರನ್ನು ಯೇಸು ಅಡವಿಯ ಕಡೆಗೆ ಕರೆಯುತ್ತಾನೆ, ದಣಿವಾರಿಸಿಕೊಳ್ಳಿ ಅನ್ನುತ್ತಾನೆ. ನಮ್ಮ ಭಾಷೆಯ ಈ ಮಾತು ನನಗೆ ಬಹಳ ಇಷ್ಟ. ಕಾಸಿದ ಹಾಲು ಆರುತ್ತದೆ, ಒಗೆದ ಬಟ್ಟೆ ಆರುತ್ತದೆ, ಗಾಯ ಆರುತ್ತದೆ, ದಣಿವೂ ಆರುತ್ತದೆ. ಯಾವುದನ್ನೂ ಕೈಹಾಕಿ ಅವಸರ ಮಾಡಲು ಬರುವುದಿಲ್ಲ. ಗಾಳಿ ಆಡುವ ಕಡೆ ಇಟ್ಟು ಬಿಡಬೇಕು. ಆರಾಧನೆ ನಿಮ್ಮ ತಾಯಿಗೆ ಆ ಗಾಳಿ ಆಡುವ ಕಿಟಕಿಯಾಗಿತ್ತು.

ನಿವೃತ್ತಿಯ ನಂತರದ ಮೊದಲ ಭಾನುವಾರ ನಾನು ಜನರ ನಡುವೆ ಕೂತೆ. ಕೈ ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಹಾಡಿನ ಪುಸ್ತಕವನ್ನು ನನ್ನ ಹೆಂಡತಿ ಇಬ್ಬರ ನಡುವೆ ಹಿಡಿದಳು. ಅಷ್ಟು ವರ್ಷಗಳಲ್ಲಿ ಆಕೆ ಹಾಡುವುದನ್ನು ಪಕ್ಕದಲ್ಲಿ ಕೂತು ಕೇಳಿದ್ದು ಅದೇ ಮೊದಲು.

ಹುಮನಾಬಾದ್ ಹಿರಿಯ

ಪಾಸ್ಟರ್ ಸಾಹೇಬರ ಮ್ಯಾಲ ಗೌರವ ಅದ, ಆದರ ನಾ ಬ್ಯಾರೆ ಮಾತು ಹೇಳ್ತೀನಿ. ಆರಾಧನಿ ನಮ್ಮ ದಣಿವು ಕಳಿಯೋ ಸಲುವಾಗಿ ಅಲ್ಲ, ದೇವರ ಸಲುವಾಗಿ. ಅದು ಯಜ್ಞ. ದಾವೀದ ಅರಸ ಏನಂದ? ಖರ್ಚಿಲ್ಲದ್ದನ್ನ ನಾ ಕರ್ತನಿಗೆ ಅರ್ಪಿಸಲ್ಲ ಅಂದ. ನಮ್ಮಪ್ಪ ಹಳ್ಳಿಯಿಂದ ಎರಡು ತಾಸು ನಡೀತಾ ಚರ್ಚಿಗೆ ಬರ್ತಿದ್ದ. ದಣಿವಾಯ್ತು ಅಂತ ಒಂದು ದಿನ ಅಂದಿಲ್ಲ.

ನಾವು ಮೆಥೊಡಿಸ್ಟರು ಅಂತೀವಿ. ನಮ್ಮ ಪಂಥ ಶುರು ಮಾಡಿದ ಜಾನ್ ವೆಸ್ಲಿ 1761ರಾಗ ಹಾಡೋದು ಹ್ಯಾಂಗ ಅಂತ ಸೂಚನಾ ಬರೆದಾರ. ಎಲ್ಲರೂ ಹಾಡ್ರಿ, ಬಲಹೀನತಿ ದಣಿವು ಅಡ್ಡಿ ಆಗಬಾರದು, ಅದು ನಿಮಗ ಶಿಲುಬಿ ಅನಿಸಿದ್ರ ಹೊರ್ರಿ, ಆಶೀರ್ವಾದ ಸಿಗ್ತದ ಅಂದಾರ. ಟೀಚರ್ ಅಮ್ಮಾರೆ, ನಿಮ್ಮ ಸೇವಾ ದೊಡ್ಡದು. ಬಿಡಬ್ಯಾಡ್ರಿ.

ನಿವೃತ್ತ ಪಾಸ್ಟರ್, ಕಲಬುರಗಿ

ಅಣ್ಣಾವರೆ, ವೆಸ್ಲಿ ಬರೆದದ್ದು ಸ್ವಲ್ಪ ಮಟ್ಟಿನ ದಣಿವು ಅಡ್ಡಿಯಾಗಬಾರದೆಂದು. ಹದಿನಾಲ್ಕು ವರ್ಷದ ದಣಿವಿನ ಬಗ್ಗೆ ಅವರು ಅಲ್ಲಿ ಬರೆದಿಲ್ಲ. ಯಜ್ಞ ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ಯಾರ ಯಜ್ಞ, ಯಾರು ಹೊರುತ್ತಿದ್ದಾರೆ ಎಂಬುದನ್ನೂ ಕೇಳಬೇಕು.

ಕಲಬುರಗಿ ಗೃಹಿಣಿ

ನಾನು ಕಥೋಲಿಕಳು. ಕರಾವಳಿಯಲ್ಲಿ ಹುಟ್ಟಿ 2003ರಲ್ಲಿ ಮದುವೆಯಾಗಿ ಕಲಬುರಗಿಗೆ ಬಂದೆ. ಆಗ ಇಲ್ಲಿಗೆ ಪ್ರತ್ಯೇಕ ಧರ್ಮಕ್ಷೇತ್ರ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ಇರಲಿಲ್ಲ, 2005ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ಗುಲ್ಬರ್ಗ ಧರ್ಮಕ್ಷೇತ್ರವಾಯಿತು. ಊರು, ಬಿಸಿಲು, ಮಾತಿನ ಧಾಟಿ ಎಲ್ಲ ಹೊಸತು. ಚರ್ಚಿನ ಬಲಿಪೂಜೆ ಒಂದೇ ನನಗೆ ಪರಿಚಯದ್ದು.

ನಮ್ಮಲ್ಲಿ ಪ್ರಾರ್ಥನೆಯ ಮಾತುಗಳು ಬಹುಪಾಲು ಗೊತ್ತುಮಾಡಿದವು. ವಾರವಾರವೂ ಅವೇ ಮಾತು, ಬೇಸರ ಬರುವುದಿಲ್ಲವೇ ಎಂದು ಪಕ್ಕದ ಮನೆಯ ಗೆಳತಿ ಕೇಳುತ್ತಾಳೆ. ನನ್ನ ಗಂಡ ತೀವ್ರ ನಿಗಾ ಘಟಕದಲ್ಲಿದ್ದ ವಾರ ನನಗೆ ಪ್ರಾರ್ಥನೆಯ ಒಂದು ಮಾತೂ ಹುಟ್ಟಲಿಲ್ಲ. ಭಾನುವಾರ ಸುಮ್ಮನೆ ಹೋಗಿ ನಿಂತೆ. ನಾವು ನಂಬುವುದನ್ನು ಎಲ್ಲರೂ ಕೂಡಿ ಹೇಳುವ ವಿಶ್ವಾಸಸಾರ ಹೇಳುವಾಗ ಬಲಕ್ಕೊಬ್ಬ ಅಜ್ಜಿ, ಎಡಕ್ಕೊಬ್ಬ ಕಾಲೇಜು ಹುಡುಗಿ, ಇಬ್ಬರೂ ಗಟ್ಟಿಯಾಗಿ ಹೇಳಿದರು. ನನ್ನ ತುಟಿ ಅಲುಗಿತಷ್ಟೇ. ಆ ಹೊತ್ತಿಗೆ ನನ್ನ ಪಾಲಿನದನ್ನೂ ಅವರೇ ನಂಬಿದರು. ನನಗೆ ಸಿಕ್ಕ ವಿಶ್ರಾಂತಿ ಅದು. ಮಾತು ನಾನೇ ಹುಟ್ಟಿಸಬೇಕೆಂಬ ಹೊರೆ ಇಳಿಯಿತು. ನನ್ನ ಅತ್ತೆ ಚಿಕ್ಕವರಿದ್ದಾಗ ಆ ಮಾತುಗಳೆಲ್ಲ ಲತೀನಿನಲ್ಲಿ. 1963ರ ಡಿಸೆಂಬರಿನಲ್ಲಿ ವತಿಕಾನ್ ಮಹಾಸಭೆ ಜನರ ಭಾಷೆಗೆ ದಾರಿ ತೆರೆದ ಮೇಲೆ ಪೂಜೆ ನಿಧಾನವಾಗಿ ಕನ್ನಡಕ್ಕೆ ಬಂತು. ದುಃಖದ ದಿನ ತಾಯ್ನುಡಿಯಲ್ಲಿ ಪಕ್ಕದವರ ಧ್ವನಿ ಕೇಳುವುದು ಎಷ್ಟು ದೊಡ್ಡದೆಂದು ನನಗೆ ಆ ವಾರ ತಿಳಿಯಿತು.

ಸಂತೋಷದ ಬಗ್ಗೆಯೂ ಒಂದು ಮಾತು. ತಪಸ್ಸಿನ ಕಾಲ ಶುರುವಾಗುವ ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದವರೆಗೆ ಎಣಿಸಿದರೆ 46 ದಿನ. ತಪಸ್ಸಿನ 40 ದಿನ ಅನ್ನುವುದು ಆರು ಭಾನುವಾರಗಳನ್ನು ಬಿಟ್ಟು. ತಪಸ್ಸಿನ ಕಾಲದಲ್ಲೂ ಭಾನುವಾರ ಪುನರುತ್ಥಾನದ ದಿನವೇ. ಬಿಷಪ್ಪರು ಕೂಡಿದ ಕ್ರಿ.ಶ. 325ರ ನಿಸೇಯ ಮಹಾಸಭೆಯ 20ನೇ ನಿಯಮ, ಭಾನುವಾರಗಳಲ್ಲಿಯೂ ಈಸ್ಟರ್ ನಂತರದ ಪೆಂತೆಕೊಸ್ತಿನ ದಿನಗಳಲ್ಲಿಯೂ ಮೊಣಕಾಲೂರದೆ ನಿಂತು ಪ್ರಾರ್ಥಿಸಬೇಕು ಅನ್ನುತ್ತದೆ. ಸಾವಿನಿಂದ ಎದ್ದವರಂತೆ ನಿಲ್ಲಿ ಎಂದು ಆ ಹಿರಿಯರು ನಿಯಮವನ್ನೇ ಮಾಡಿದರು. ದುಃಖಕ್ಕೆ 40 ದಿನ ಇಟ್ಟು ಪುನರುತ್ಥಾನದ ಸಂತೋಷಕ್ಕೆ 50 ದಿನ ಇಟ್ಟ ಸಭೆ ನಮ್ಮದು. ಆ 50 ದಿನಗಳಲ್ಲಿ ನನ್ನ ಮನಸ್ಸು ಹೇಗಿದ್ದರೂ ನಾನು ನಿಲ್ಲುತ್ತೇನೆ. ಕೆಲವು ವರ್ಷ ಮನಸ್ಸು ಹಿಂದೆಯೇ ಬಂದಿದೆ, ಕೆಲವು ವರ್ಷ ಬಂದಿಲ್ಲ.

ಸುರಪುರ ಹುಡುಗ (ಈಗ ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನಾವು ಗುಳೇ ಬಂದು ಇಲ್ಲಿ ಗಾರೆ ಕೆಲಸ ಮಾಡ್ತೀವಿ. ಐತಾರ ನಮಗ ಸೂಟಿ ಇಲ್ಲ. ಸ್ಲ್ಯಾಬ್ ಹಾಕೋ ದಿನ ಇದ್ರ ರಾತ್ರಿ ಹತ್ತಾಗ್ತದ. ನಮ್ಮ ಶೆಡ್ಡಿನ್ಯಾಗ ಹನ್ನೊಂದು ಮಂದಿ ಕೂಡ್ತೀವಿ, ಮೊಬೈಲ್ ಟಾರ್ಚ್ ಹಚ್ಚಿ. ಬಾರಿಸ್ಲಿಕ್ಕ ಏನೂ ಇಲ್ಲ, ಒಬ್ಬಾತ ಬಕೆಟ್ ಬೋರಲ ಹಾಕಿ ತಾಳ ಹಾಕ್ತಾನ.

ಬೈಬಲ್ ಕ್ಲಾಸಿನ್ಯಾಗ ನಮಗ ಪ್ಲೀನಿ ಅನ್ನೋ ರೋಮಿನ ಅಧಿಕಾರಿ ಕತಿ ಹೇಳಿದ್ರು. ಕ್ರಿ.ಶ. 112ರ ಸುಮಾರಿಗೆ ಆತ ಚಕ್ರವರ್ತಿ ತ್ರಾಜಾನಗ ಪತ್ರ ಬರೆದಾನ. ಈ ಕ್ರೈಸ್ತರು ಗೊತ್ತುಮಾಡಿದ ದಿನ ಬೆಳಕು ಹರಿಯೋಕಿಂತ ಮುಂಚೆ ಕೂಡ್ತಾರ, ಕ್ರಿಸ್ತನಿಗೆ ದೇವರಿಗೆ ಹಾಡಿದಂಗ ಒಬ್ಬರಿಗೊಬ್ಬರು ಹಾಡ್ತಾರ, ಹೋಗ್ತಾರ, ಮತ್ತ ಊಟಕ್ಕ ಕೂಡ್ತಾರ ಅಂತ. ಖರೇ ತಿಳ್ಕೊಳ್ಳಾಕ ಅಂತ ಸಭಾದ ಸೇವಕಿಯರಾಗಿದ್ದ ಇಬ್ಬರು ದಾಸಿ ಹೆಣ್ಮಕ್ಕಳಿಗೆ ಚಿತ್ರಹಿಂಸಾ ಕೊಟ್ಟೆ ಅಂತನೂ ಆತನೇ ಬರೆದಾನ. ಅವರಿಗೂ ಆ ದಿನ ಸೂಟಿ ಇದ್ದಿಲ್ಲ. ಕಾನ್‌ಸ್ಟಂಟೈನ್ 321ರಾಗ ಐತಾರ ಬಿಡುವು ಅಂತ ಆಜ್ಞಾ ಮಾಡಿದಾಗೂ ಹೊಲದ ಕೆಲಸದವರು ದುಡೀಬಹುದು ಅಂತ ಬಿಟ್ಟಿದ್ದ. ಇದು ಕೇಳಿದಾಗ ನಮ್ಮ ಶೆಡ್ಡು ನನಗ ಸಣ್ಣದು ಅನಿಸ್ಲಿಲ್ಲ.

ಟೀಚರ್ ಅಕ್ಕಾ, ನನಗ ಮೈ ದಣಿವು ಹೋಗಲ್ಲ. ಮುಂಜಾನಿ ಎದ್ರ ಭುಜ ಹಂಗೇ ನೋವು. ಆದರ ಸೈಟಿನ್ಯಾಗ ನನ್ನ ಹೆಸರು ಯಾರಿಗೂ ಗೊತ್ತಿಲ್ಲ, "ಏ ಗಾರೆ" ಅಂತ ಕರೀತಾರ. ರಾತ್ರಿ ಪ್ರಾರ್ಥನಾದಾಗ ಒಬ್ಬೊಬ್ಬರ ಹೆಸರು ಹಿಡಿದು ಕೇಳ್ಕೋತಾರ. ನನ್ನ ಹೆಸರು ಬಂದಾಗ ನನ್ನೊಳಗ ಏನೋ ಕೆಳಗ ಇಳಿಸಿದಂಗ ಆಗ್ತದ. ಹೇಳ್ಲಿಕ್ಕ ನನಗ ಇಷ್ಟೇ ಬರ್ತದ.

ಬೀದರ್ ಟೀಚರ್

ತಮ್ಮಾ, ನಿಮ್ಮ ಮಾತು ಓದಿ ಅತ್ತೆ. ಎಲ್ಲರ ಮಾತೂ ಓದೀನಿ. ಹಿರಿಯರು ಹೇಳಿದ್ದು ನನಗ ಸಿಟ್ಟು ತರ್ಲಿಲ್ಲ, ನನ್ನ ಮನಸ್ಸೂ ಹದಿನಾಲ್ಕು ವರ್ಷ ಅದೇ ಹೇಳ್ಯಾದ.

ಒಂದು ಮಾತು ಹೇಳಿದ್ದಿಲ್ಲ. ನಮ್ಮಲ್ಲಿ ಹಾಡು ಶುರುವಾಗೋ ಮುಂಚೆ "ಎಲ್ಲರೂ ನಗ್ರಿ, ಚಪ್ಪಾಳಿ ಹೊಡೀರಿ, ಮುಖ ಸಣ್ಣ ಮಾಡಿಕೊಂಡವರು ದೇವರಿಗೆ ಬ್ಯಾಡ" ಅಂತ ಮೈಕಿನ್ಯಾಗ ಹೇಳ್ತಾರ. ಅವ್ವ ಹೋದ ಎರಡನೇ ಐತಾರನೂ ಹೇಳಿದ್ರು. ನಾ ಹಾರ್ಮೋನಿಯಂ ಹಿಂದ ಇದ್ದೆ, ನಕ್ಕೆ. ಆ ನಗಿ ನೆನಪಾದ್ರ ಇವತ್ತಿಗೂ ಒಂಥರಾ ಆಗ್ತದ.

ಯಾದಗಿರಿ ನರ್ಸ್

ಅಕ್ಕಾ, ಮುಖ ಸಣ್ಣ ಮಾಡಿಕೊಂಡವರು ದೇವರಿಗೆ ಬೇಡ ಅನ್ನೋ ಮಾತು ಬೈಬಲಿನಲ್ಲಿ ಎಲ್ಲೂ ಇಲ್ಲ. 150 ಕೀರ್ತನೆಗಳಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಗೋಳಾಟದವು. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಸಮಾಧಾನದ ಒಂದು ಸಾಲೂ ಇಲ್ಲ. ಅದೂ ದೇವಾಲಯದಲ್ಲಿ ಹಾಡಲಿಕ್ಕೆ ಇಟ್ಟದ್ದೇ. 137ರಲ್ಲಿ ಬಾಬೆಲಿನ ಸೆರೆಯಾಳುಗಳು ಕಿನ್ನರಿಯನ್ನು ಮರಕ್ಕೆ ತೂಗುಹಾಕಿ ಅಳುತ್ತಾರೆ. ಅಲ್ಲಿ ಹಾಡಿ, ಸಂತೋಷ ಪಡಿ ಎಂದು ಪೀಡಿಸುವವರು ಸೆರೆ ಹಿಡಿದವರು. ದೇವರು ಹಾಗೆ ಪೀಡಿಸಲಿಲ್ಲ.

ನಾನು ನೈಟ್ ಡ್ಯೂಟಿ ಮುಗಿಸಿ ನೇರ ಚರ್ಚಿಗೆ ಹೋಗುವವಳು. ಮೈಯಲ್ಲಿ ಆಸ್ಪತ್ರೆಯ ವಾಸನೆ ಇರುತ್ತದೆ. ರಾತ್ರಿ ಒಬ್ಬರು ಹೋಗಿರುತ್ತಾರೆ, ಮುಂಜಾನೆ ಒಂದು ಕೂಸು ಹುಟ್ಟಿರುತ್ತದೆ, ಎರಡನ್ನೂ ಹೊತ್ತುಕೊಂಡು ಬಂದಿರುತ್ತೇನೆ. ನೆಹೆಮೀಯನ 8ನೇ ಅಧ್ಯಾಯ ನನಗೆ ಬಹಳ ಹತ್ತಿರ. ಧರ್ಮಶಾಸ್ತ್ರ ಕೇಳಿ ಜನ ಅಳುತ್ತಾರೆ. ಆಗ ಅವರಿಗೆ ಹೇಳಿದ್ದು: ಹೋಗಿ ಮೃಷ್ಟಾನ್ನ ಉಣ್ಣಿ, ಸಿಹಿ ಕುಡಿಯಿರಿ, ಏನೂ ಇಲ್ಲದವರಿಗೆ ಒಂದು ಪಾಲು ಕಳಿಸಿ. ಯೆಹೋವನ ಆನಂದವೇ ನಿಮ್ಮ ಬಲ ಎಂದು ಗೋಡೆಗೆ ಹಾಕುತ್ತೇವಲ್ಲ, ಆ ಮಾತು ಬರುವುದು ಈ ಊಟದ ಮಾತಿನ ಜೊತೆಗೇ. ಸಂತೋಷ ಅಂದರೆ ಅಲ್ಲಿ ಅಡುಗೆಯಿದೆ, ಹಂಚುವುದಿದೆ, ಪಾಲು ಕಳಿಸುವ ಕೈಯಿದೆ. ನಗುವುದು ಹೊಟ್ಟೆ ತುಂಬಿದ ಮೇಲೆ ತಾನೇ ಬರುತ್ತದೆ.

ಅದಕ್ಕೇ ಕೇಳುತ್ತೇನೆ ಅಕ್ಕಾ: ನಿಮಗೆ ಪಾಲು ಕಳಿಸುವವರು ಯಾರು?

ನಮ್ಮ ಸಭೆಯಲ್ಲಿ ಹಾಡು ನಡೆಸುವ ಅಕ್ಕನಿಗೆ ಬಿಪಿ ಏರಿ ಆರಾಧನೆಯ ನಡುವೆಯೇ ಕುಸಿದರು. ಆಮೇಲೆ ಎಲ್ಲರೂ ಕೂತು ಮಾತಾಡಿದೆವು. ಒಂಬತ್ತು ಹಾಡು ನಾಲ್ಕಾದವು. ಒಂದು ವಾರ ಹಾರ್ಮೋನಿಯಂ, ಒಂದು ವಾರ ಬರೀ ಬಾಯಿಂದ ಹಾಡುವುದು. ಚಾ ಮಾಡುವುದು ಗಂಡಸರ ಪಾಳಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 42 ಡಿಗ್ರಿ ದಾಟುತ್ತದಲ್ಲ, ಆಗ ಆರಾಧನೆ ಮುಂಜಾನೆ ಏಳಕ್ಕೆ. ಪ್ರಸಂಗದ ನಂತರ ಮೂರು ನಿಮಿಷ ಯಾರೂ ಏನೂ ಮಾಡುವುದಿಲ್ಲ, ಫ್ಯಾನಿನ ಸದ್ದು ಮಾತ್ರ. ಮೊದಲ ಕೆಲವು ವಾರ ಜನ ಕೆಮ್ಮಿದರು, ಮೊಬೈಲ್ ನೋಡಿದರು. ಈಗ ಆ ಮೂರು ನಿಮಿಷಕ್ಕೆಂದೇ ನಾನು ವಾರವೆಲ್ಲ ಕಾಯುತ್ತೇನೆ.

ಬಸವಕಲ್ಯಾಣ ಕೀಬೋರ್ಡ್

ದೊಡ್ಡವರ ನಡುವೆ ಮಾತಾಡ್ಲತ್ತೀನಿ, ಕ್ಷಮಿಸ್ರಿ. ನನಗ 19 ವಯಸ್ಸು. ನಮ್ಮ ಯೂತ್ ಗ್ರೂಪಿನವರು ಡ್ರಮ್, ಕೀಬೋರ್ಡ್ ಬಾರಿಸ್ತೀವಿ, ಕುಣೀತೀವಿ. ನನಗ ಅದರಾಗ ಖರೇನೇ ಸಂತೋಷ ಆಗ್ತದ, ಮನಿಯಾಗಿನ ಜಗಳ, ಪರೀಕ್ಷಾ ಎಲ್ಲಾ ಮರೀತದ. 150ನೇ ಕೀರ್ತನಿಯಾಗ ತಾಳ, ತುತೂರಿ, ನಾಟ್ಯ ಎಲ್ಲಾ ಅದ. ನಮ್ಮದು ಸುಳ್ಳು ಸಂತೋಷ ಅಂತ ದಯವಿಟ್ಟು ಅನಬ್ಯಾಡ್ರಿ.

ನಿವೃತ್ತ ಪಾಸ್ಟರ್, ಕಲಬುರಗಿ

ಯಾರೂ ಅನ್ನುವುದಿಲ್ಲಪ್ಪ. ಬಾರಿಸು, ಕುಣಿ. ಚೆಫನ್ಯನ 3ನೇ ಅಧ್ಯಾಯದ 17ನೇ ವಚನ ತೆಗೆದು ಓದು. ದೇವರು ತನ್ನ ಜನರ ಬಗ್ಗೆ ಪ್ರೀತಿಯಲ್ಲಿ ಮುಳುಗಿ ಮೌನವಾಗಿರುತ್ತಾನೆ, ಹಾಡುತ್ತಾ ಉಲ್ಲಾಸಪಡುತ್ತಾನೆ. ಎರಡೂ ಒಂದೇ ವಚನದಲ್ಲಿ. ಅಲ್ಲಿ ಹಾಡುತ್ತಿರುವವನು ದೇವರು, ನೋಡು. ಒಂದೇ ವಿನಂತಿ: ಪಕ್ಕದಲ್ಲಿ ಯಾರಾದರೂ ಅಳುತ್ತಿದ್ದರೆ ಆಕೆಯ ಕೈ ಹಿಡಿದು ಚಪ್ಪಾಳೆ ಹೊಡೆಸಬೇಡ.

ಹುಮನಾಬಾದ್ ಹಿರಿಯ

ನಾಲ್ಕು ದಿನ ಸುಮ್ಮಿದ್ದೆ. ಪಾಸ್ಟರ್ ಸಾಹೇಬರು ಯಾರು ಹೊರ್ತಾರ ಅಂತ ಕೇಳಿದ್ದು ತಲಿಯಾಗೇ ಕುಂತಿತ್ತು. ನಿನ್ನಿ ರಾತ್ರಿ ಊಟಕ್ಕ ಕುಂತಾಗ ನನ್ನ ಮನಿಯವಳಿಗೆ ಕೇಳ್ದೆ, ಹೋದ ಐತಾರ ಪ್ರಸಂಗ ಯಾವುದರ ಮ್ಯಾಲ ಇತ್ತು ಅಂತ. "ನನಗ ಹ್ಯಾಂಗ ಗೊತ್ತಾಗ್ಬೇಕು, ನಾ ಒಲಿ ಮುಂದ ಇದ್ದೆ" ಅಂದಳು. ಸಿಟ್ಟಿನಿಂದ ಅನ್ಲಿಲ್ಲ. ಇಪ್ಪತ್ತು ವರ್ಷದಿಂದ ಆಕಿ ಪ್ರಸಂಗ ಕೇಳಿದ್ದು ಚರ್ಚಿನ ಅಡಗಿಮನಿ ಕಿಟಕಿಯಿಂದ. ಖರ್ಚಿಲ್ಲದ್ದನ್ನ ಅರ್ಪಿಸಲ್ಲ ಅಂತ ನಾ ದಾವೀದನ ಮಾತು ಹೇಳ್ದೆ. ಅರ್ಪಿಸೋದು ನಾನು, ಖರ್ಚು ಆಕಿದು ಆಗಿತ್ತು.

ಆರಾಧನಿ ಯಜ್ಞ ಅನ್ನೋದು ನಾ ಬಿಡಲ್ಲ. ಬರೋ ಐತಾರ ಚಾ ನಾ ಮಾಡ್ತೀನಿ. ಟೀಚರ್ ಅಮ್ಮಾರೆ, ನಿಮಗ ಬಿಡಬ್ಯಾಡ್ರಿ ಅಂದಿದ್ದೆ. ಆ ಮಾತು ವಾಪಸ್ ತಗೋತೀನಿ.

ಬೀದರ್ ಟೀಚರ್

ಐದು ವಾರ ಆದ ಮ್ಯಾಲ ಬರೀಲತ್ತೀನಿ.

ನಮ್ಮ ಪಾಸ್ಟರ್ ಹತ್ರ ಹೋಗಿ ಮಾತಾಡ್ದೆ. ಹೆದರಿಕಿ ಇತ್ತು. ಅವರು ಕೇಳಿ ಸ್ವಲ್ಪ ಹೊತ್ತು ಸುಮ್ಮ ಕುಂತ್ರು, ಆಮೇಲೆ ತಾವೂ ಸೋಮವಾರ ಹಾಸಿಗಿಯಿಂದ ಏಳ್ಲಿಕ್ಕ ಆಗಲ್ಲ ಅಂದ್ರು. ತಿಂಗಳದಾಗ ಎರಡು ಐತಾರ ನಂಗ ಬಿಡುವು ಅಂತ ಆಯ್ತು. ಮಹಿಳಾ ಕೂಟ ಶನಿವಾರ ಸಂಜಿಗೆ ಹೋಯ್ತು. ಇದಕ್ಕ ಇಬ್ಬರು ಮೂವರು ಬೇಜಾರಾಗ್ಯಾರ, ಅವರ ಜೋಡಿ ಇನ್ನಾ ಮಾತಾಡಬೇಕು.

ಹಾರ್ಮೋನಿಯಂ ನಮ್ಮ ಸಂಡೇ ಸ್ಕೂಲಿನ ಒಂಬತ್ತನೇ ಕ್ಲಾಸ್ ಹುಡುಗಿಗೆ ಕಲಿಸ್ಲತ್ತೀನಿ. ಹೋದ ಐತಾರ ಆಕಿ ಮೊದಲ ಸಲ ಬಾರಿಸಿದ್ಳು. ನಾ ಎಡಗಡಿ ಕಿಟಕಿ ಬಾಜು ಚಾಪಿ ಮ್ಯಾಲ ಕುಂತೆ. ಅಲ್ಲಿ ಗಾಳಿ ಬರ್ತದ, ನನಗ ಗೊತ್ತೇ ಇದ್ದಿಲ್ಲ. ಹೊರಗ ಬೇವಿನ ಗಿಡ ಕಾಣ್ತದ. ಹಾಡು ಅವ್ವ ಬ್ಯಾಳಿ ಹಸನ ಮಾಡೋವಾಗ ಹಾಡ್ತಿದ್ದುದೇ, ಹುಡುಗಿಗೆ ಅದು ಗೊತ್ತಿಲ್ಲದೇ ಆರಿಸಿದ್ಳು. ನಂಗ ಹಾಡ್ಲಿಕ್ಕ ಆಗ್ಲಿಲ್ಲ, ಅಳು ಬಂತು. ಬಾಜೂಕ್ಕ ಕುಂತ ಮುದಕಿ ನನ್ನ ಮಣಕಾಲ ಮ್ಯಾಲ ಕೈ ಇಟ್ಟು ತಾ ಹಾಡ್ಕೋತ ಹೋದ್ಳು. ಎರಡನೇ ಚರಣದಾಗ ಹುಡುಗಿ ಬೆರಳು ತಪ್ಪಿತು. ನಾ ಎದ್ದೇಳ್ಲಿಲ್ಲ. ಮಂದಿ ಹಾಡು ನಿಲ್ಲಿಸ್ಲಿಲ್ಲ, ಆಕಿ ಮುಂದಿನ ಸಾಲಿಗೆ ಬಂದು ಕೂಡ್ಕೊಂಡ್ಳು.

ಪ್ರಸಂಗದಾಗ ಒಂದೆರಡು ನಿಮಿಷ ನನ್ನ ಕಣ್ಣೂ ಮುಚ್ಚಿದ್ವು ಅಂತ ಕಾಣ್ತದ.